ಪರದೆ ಮೇಲಿನ ನಮ್ಮೂರಲ್ಲಿ ಕೆಲಸ ಮಾಡುವವರು ಯಾರು?

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನವಳು, ಬೆಂಗಳೂರಲ್ಲಿ ಕೆಲಸದಲ್ಲಿದ್ದೇನೆ. ಊರಲ್ಲಿ ಅಪ್ಪನಿಗೆ ಮೂರೆಕರೆ ಕಾಫಿ, ಸ್ವಲ್ಪ ಗದ್ದೆ. ನಮ್ಮ ಕಡೆ ತೆಗೆದ ಸಿನಿಮಾ ಬಂದಾಗಲೆಲ್ಲ ಆಫೀಸಿನವರು "ನೀವು ಸ್ವರ್ಗದಲ್ಲಿ ಹುಟ್ಟಿದವರು" ಅನ್ನುತ್ತಾರೆ. ಹಳ್ಳಿಯ ಹೊಡೆದಾಟದ ಸಿನಿಮಾ ಬಂದರೆ "ನಿಮ್ಮಲ್ಲಿ ಈಗಲೂ ಗೌಡರೇ ಪಂಚಾಯ್ತಿ ಮಾಡ್ತಾರಾ?" ಅಂತ ಕೇಳುತ್ತಾರೆ. ಎರಡೂ ನಮ್ಮೂರಲ್ಲ. ಸಿನಿಮಾದವರು ಹಳ್ಳಿ, ಸಣ್ಣ ಪೇಟೆಗಳನ್ನು ಹೀಗೇಕೆ ತೋರಿಸುತ್ತಾರೆ? ಸರಿಯಾಗಿ ತೋರಿಸಿದ್ದನ್ನು ಗುರುತಿಸುವುದು ಹೇಗೆ? ನನ್ನ ತಮ್ಮ ಊರಲ್ಲೇ ಮೊಬೈಲಿನಲ್ಲಿ ಒಂದು ಕಿರುಚಿತ್ರ ಮಾಡಬೇಕು ಅಂತಿದ್ದಾನೆ. ಅವನಿಗೆ ಏನು ಹೇಳಲಿ?

ಉತ್ತರ: ನೀವು ಕೇಳಿದ್ದು ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯ ಬಹಳ ಜನರ ಮನಸ್ಸಲ್ಲಿರುವ ಪ್ರಶ್ನೆ. ಹಾಸನದಲ್ಲಿದ್ದುಕೊಂಡು ಚಿತ್ರತಂಡಗಳಿಗೆ ಜಾಗ ಹುಡುಕಿಕೊಡುವುದು, ಶೂಟಿಂಗ್ ದಿನ ಊರವರಿಗೂ ಯೂನಿಟ್‌ನವರಿಗೂ ನಡುವೆ ನಿಂತು ಎಲ್ಲ ಹೊಂದಿಸುವುದು ನನ್ನ ಕೆಲಸವಾಗಿತ್ತು. ಈಗ ಕಾಲೇಜು ಮಕ್ಕಳ ಜೊತೆ ಕೂತು ಸಿನಿಮಾ ನೋಡುತ್ತೇನೆ, ಅದರ ಬಗ್ಗೆ ಮಾತಾಡುತ್ತೇನೆ. ಹಾಗಾಗಿ ಕ್ಯಾಮೆರಾದ ಹಿಂದೆ ಏನಾಗುತ್ತದೆ ಅನ್ನುವುದನ್ನೂ ಸೇರಿಸಿ ಹೇಳುತ್ತೇನೆ.

ನೇರ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬಹಳಷ್ಟು ಸಿನಿಮಾಗಳ ಹಳ್ಳಿಯಲ್ಲಿ ಯಾರಿಗೂ ಕೆಲಸವೇ ಇರುವುದಿಲ್ಲ. ಜನ ಕಟ್ಟೆ ಮೇಲೆ ಕೂತಿರುತ್ತಾರೆ, ಜಾತ್ರೆಯಲ್ಲಿ ಕುಣಿಯುತ್ತಾರೆ, ಹೊಡೆದಾಡುತ್ತಾರೆ, ಪ್ರೀತಿ ಮಾಡುತ್ತಾರೆ. ಹೊಲಕ್ಕೆ ಹೋದರೂ ಅದು ಹಾಡಿನ ಹಿನ್ನೆಲೆಗೆ. ನಿಮ್ಮಪ್ಪನ ದಿನ ಹೇಗಿರುತ್ತದೆ ಯೋಚಿಸಿ. ಇವತ್ತು ಆಳು ಸಿಗುತ್ತಾರಾ, ಮಳೆ ಬರುತ್ತಾ, ಸೊಸೈಟಿ ಸಾಲದ ಕಂತು ಯಾವಾಗ, ಕಾಫಿ ಮೂಟೆಗೆ ರೇಟು ಎಷ್ಟು, ಪಹಣಿಯಲ್ಲಿ ಹೆಸರು ಸರಿಯಾಯಿತಾ. ಇಷ್ಟರಲ್ಲೇ ದಿನ ಕಳೆಯುತ್ತದೆ. ಪ್ರೀತಿ, ಜಗಳ, ಮದುವೆ, ಸಾವು ಎಲ್ಲವೂ ಇದರ ನಡುವೆಯೇ ಆಗುತ್ತವೆ. ಕೆಲಸ, ದುಡ್ಡು, ಹಂಗಾಮು ಈ ಮೂರನ್ನು ಕಥೆಯಿಂದ ತೆಗೆದರೆ ಉಳಿಯುವುದು ಬರೀ ಗುಡ್ಡ ಮತ್ತು ಮಂಜು. ಗುಡ್ಡ, ಮಂಜು ನೋಡಿದವರಿಗೆ ಸ್ವರ್ಗ ಅನ್ನಿಸುವುದು ಸಹಜವೇ.

ಹೀಗಾಗಲು ಒಂದು ತೀರಾ ಸರಳ ಕಾರಣ ಇದೆ. ಅದು ಶೂಟಿಂಗ್ ನಡೆಯುವ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ದೊಡ್ಡ ಯೂನಿಟ್ ತರುವುದು ಬಹಳ ಕಷ್ಟ. ಕ್ಯಾಮೆರಾ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಮಧ್ಯಾಹ್ನ ಮೂರಕ್ಕೇ ಬೆಳಕು ಹೋಗುತ್ತದೆ. ಮರ ಬಿದ್ದು ಕರೆಂಟ್ ತಂತಿ ಹರಿದರೆ ವಾರಗಟ್ಟಲೆ ಕತ್ತಲು. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದರೆ ಲಾರಿ ಬರುವುದಿಲ್ಲ. ಲೈಟ್ ಹುಡುಗರ ಕಾಲಿಗೆಲ್ಲ ಉಂಬಳ. ಒಂದು ದಿನ ಮಳೆಗೆ ಕೂತರೂ ನಿರ್ಮಾಪಕರಿಗೆ ಇಡೀ ಯೂನಿಟ್‌ನ ಬಾಟಾ (ದಿನಭತ್ಯೆ), ಊಟ, ಬಾಡಿಗೆ ತಲೆ ಮೇಲೆ ಬೀಳುತ್ತದೆ. ಅದಕ್ಕೇ ಅವರು ದಸರಾ ಕಳೆದ ಮೇಲೆ ಬರುತ್ತಾರೆ, ಫೆಬ್ರವರಿಯೊಳಗೆ ಮುಗಿಸಿ ಹೋಗುತ್ತಾರೆ. ಆಗ ಗುಡ್ಡ ಹಸಿರಾಗಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ಬೆಳಿಗ್ಗೆ ಅಳತೆ ಮಾಡಿಟ್ಟಂತೆ ಮಂಜು ಇರುತ್ತದೆ. ಹೀಗೆ ಪರದೆ ಮೇಲಿನ ಮಲೆನಾಡು ಎಂದರೆ ವರ್ಷದ ನಾಲ್ಕೈದು ಒಳ್ಳೆ ತಿಂಗಳು ಮಾತ್ರ.

ಮತ್ತೆ ಸಿನಿಮಾದ ಮಳೆ? ಅದು ಟ್ಯಾಂಕರ್ ಮಳೆ. ನೀರಿನ ಹನಿ ಕ್ಯಾಮೆರಾಗೆ ಚೆನ್ನಾಗಿ ಕಾಣಬೇಕಾದರೆ ಹಿಂದಿನಿಂದ ಬೆಳಕು ಬೀಳಬೇಕು. ಹಾಗಾಗಿ ಸಿನಿಮಾದ ಮಳೆ ಯಾವಾಗಲೂ ಹೊಳೆಯುತ್ತದೆ. ನಮ್ಮ ಆಷಾಢದ ಮಳೆ ಹೊಳೆಯುವುದಿಲ್ಲ. ಅದು ಬೂದಿ ಬಣ್ಣದ್ದು. ಬಟ್ಟೆ ಒಣಗುವುದಿಲ್ಲ, ಸೌದೆ ಹೊತ್ತಿಕೊಳ್ಳುವುದಿಲ್ಲ, ಹಂಡೆ ಒಲೆ ಮುಂದೆ ಚಳಿ ಕಾಯಿಸಿಕೊಳ್ಳುತ್ತಾ ಕೂರುವುದೇ ಸಂಜೆಯ ಕೆಲಸ. ಆ ನಾಲ್ಕು ತಿಂಗಳ ಬೇಸರ, ಮನೆಯೊಳಗಿನ ಮೌನ, ಮುದುಕರ ಕೆಮ್ಮು ಇವೇ ಮಲೆನಾಡಿನ ಮನುಷ್ಯರ ಸ್ವಭಾವವನ್ನು ಅರ್ಧ ರೂಪಿಸುತ್ತವೆ. ಪರದೆ ಮೇಲೆ ಇವು ತೀರಾ ಅಪರೂಪ.

ಕಾಫಿ ಹೂವಿನ ಉದಾಹರಣೆ ಕೊಟ್ಟರೆ ನಿಮ್ಮ ಆಫೀಸಿನವರಿಗೂ ವಿಷಯ ಬೇಗ ಅರ್ಥವಾದೀತು. ಫೆಬ್ರವರಿ, ಮಾರ್ಚ್‌ ಹೊತ್ತಿಗೆ ಒಂದಿಂಚಿನಷ್ಟು ಹೂ ಮಳೆ ಬಿದ್ದರೆ ಎಂಟು ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಮೂರ್ನಾಲ್ಕು ದಿನ ಆ ಘಮ. ಯಾವ ನಿರ್ದೇಶಕರಿಗಾದರೂ ಅಲ್ಲೊಂದು ಹಾಡು ಇಡಬೇಕು ಅನ್ನಿಸುತ್ತದೆ, ಅದರಲ್ಲೂ ಮಳೆ ಹಾಡು. ಆದರೆ ಹೂ ಅರಳಿದ ದಿನವೇ ಮಳೆ ಬಂದರೆ ಪರಾಗ ತೊಳೆದುಹೋಗಿ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಅರಳಿದ ಹೂವಿನ ನಡುವೆ ಸುರಿಯುವ ಮಳೆ ನೋಡುವವರಿಗೆ ಚಂದ, ಬೆಳೆಗಾರನಿಗೆ ಒಂದು ವರ್ಷದ ನಷ್ಟ. ಅವನಿಗೆ ಬೇಕಾದ ಮಳೆ ಎರಡು ಮೂರು ವಾರ ಬಿಟ್ಟು ಬರುವ ಬ್ಯಾಕಿಂಗ್ ಮಳೆ, ಅಂದರೆ ಕಚ್ಚಿದ ಕಾಯಿ ನಿಲ್ಲಲು ಬೇಕಾದ ಎರಡನೇ ಮಳೆ. ಅದು ಬರುತ್ತದೋ ಇಲ್ಲವೋ ಅಂತ ಅವನು ಆಕಾಶ ನೋಡುತ್ತಿರುತ್ತಾನೆ. ಇದನ್ನು ಬಲ್ಲ ಕಥೆಗಾರನಿಗೆ ಹೂ, ಮಳೆ ಎರಡೂ ಕಥೆಯೇ ಆಗುತ್ತವೆ. ಅದೇ ತೋಟದಲ್ಲಿ ಮಗಳ ಮದುವೆ ಗೊತ್ತಾಗಿದೆ, ಖರ್ಚು ಮುಂದಿನ ಫಸಲಿನ ಮೇಲೆ ನಿಂತಿದೆ ಅನ್ನಿ. ಸಾಕು, ಸಿನಿಮಾ ಶುರುವಾಯಿತು.

ಯೂನಿಟ್‌ಗಳು ಬರುವ ನವೆಂಬರ್, ಡಿಸೆಂಬರ್ ಅರೇಬಿಕಾ ಕೊಯ್ಲಿನ ಕಾಲ ಕೂಡ. ಕಣದ ತುಂಬಾ ಕಾಫಿ ಹರಡಿರುತ್ತದೆ. ಅಕಾಲ ಮಳೆ ಬಂದರೆ ರಾತ್ರಿಯೆಲ್ಲ ಟಾರ್ಪಾಲ್ ಹಿಡಿದು ಓಡಬೇಕು. ಗಿಡದಲ್ಲಿರುವ ಹಣ್ಣು ಒಡೆದು ಉದುರುತ್ತದೆ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡಿಸಲು ಕರೆಂಟ್ ಇಲ್ಲ. ಇಷ್ಟು ತಳಮಳ ನಡೆಯುವ ಜಾಗದಲ್ಲೇ ನಾವು ಕ್ಯಾಮೆರಾ ಇಡುತ್ತಿದ್ದೆವು. "ಆ ಕಣ ಸ್ವಲ್ಪ ಖಾಲಿ ಮಾಡಿಸಿ, ಫ್ರೇಮ್ ಕ್ಲೀನ್ ಆಗಿರಲಿ" ಅಂತ ಕೇಳಿಬರುತ್ತಿತ್ತು. ಫ್ರೇಮ್ ಕ್ಲೀನ್ ಮಾಡುವುದು ಅಂದರೆ ಕೆಲಸವನ್ನೂ ಕೆಲಸಗಾರರನ್ನೂ ಅಲ್ಲಿಂದ ಆಚೆ ಕಳಿಸುವುದು. ನೀವು ಪರದೆ ಮೇಲೆ ನೋಡುವ ಖಾಲಿ ಸೌಂದರ್ಯ ಹೀಗೆ ತಯಾರಾಗುತ್ತದೆ.

ಇನ್ನೊಂದು ವಿಷಯ ನಿಮಗೆ ಗೊತ್ತಿರಬಹುದು, ಆದರೂ ಹೇಳಬೇಕು. ಸಿನಿಮಾದ ಹಳ್ಳಿ ಒಂದೇ ಊರಿನದ್ದಾಗಿರುವುದಿಲ್ಲ. ಮನೆ ತೀರ್ಥಹಳ್ಳಿ ಕಡೆಯದು, ಗುಡ್ಡ ಸಕಲೇಶಪುರದ್ದು, ದೇವಸ್ಥಾನ ಬೇಲೂರಿನ ಪಕ್ಕದ್ದು, ಮಾತು ಮಂಡ್ಯದ್ದು. ಹಳ್ಳಿಯವರು ಅಂದರೆ "ಕಣ್ಲಾ, ಬತ್ತೀನಿ" ಅನ್ನಲೇಬೇಕು ಅನ್ನುವುದು ರೂಢಿಯಾಗಿಬಿಟ್ಟಿದೆ. ಚನ್ನರಾಯಪಟ್ಟಣ, ಹೊಳೆನರಸೀಪುರ ಕಡೆಗೆ ಆ ಮಾತು ಹೊಂದುತ್ತದೆ, ತಕರಾರಿಲ್ಲ. ಆದರೆ ಮೂಡಿಗೆರೆ, ಕೊಪ್ಪದಲ್ಲಿ "ಎಂಥದ್ದು ಮಾರಾಯ" ಅನ್ನುವವರ ಬಾಯಲ್ಲಿ ಅದು ಹೊಂದುವುದಿಲ್ಲ. ತೋಟದ ಸೀಮೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ತಮಿಳು, ಮಲಯಾಳಂ ಎಲ್ಲ ಕಿವಿಗೆ ಬೀಳುತ್ತವೆ. ಈಗ ಅಸ್ಸಾಂ ಕಡೆಯಿಂದ ಬಂದ ಕೆಲಸಗಾರರ ಮಾತೂ ಸೇರಿದೆ. ಒಂದು ಕಿರಾಣಿ ಅಂಗಡಿ ಮುಂದೆ ಹತ್ತು ನಿಮಿಷ ನಿಂತರೆ ನಾಲ್ಕು ಭಾಷೆ ಕೇಳಿಸುತ್ತವೆ. ಸಿನಿಮಾದ ಮಲೆನಾಡಲ್ಲಿ ಎಲ್ಲರೂ ಒಂದೇ ಕನ್ನಡ ಮಾತಾಡುತ್ತಾರೆ.

ಎರಡೂ ಜಿಲ್ಲೆಗಳಲ್ಲಿ ಅರ್ಧ ಬಯಲುಸೀಮೆ ಇದೆ ಅನ್ನುವುದೂ ಸಿನಿಮಾದವರಿಗೆ ನೆನಪಾಗುವುದಿಲ್ಲ. ಕಡೂರು, ತರೀಕೆರೆಯ ಒಂದು ಭಾಗ, ಅರಸೀಕೆರೆ, ಚನ್ನರಾಯಪಟ್ಟಣ ಇವುಗಳಲ್ಲಿ ತೆಂಗು, ರಾಗಿ, ಈರುಳ್ಳಿ. ಬೋರ್‌ವೆಲ್ ಲಾರಿ ಬಂದಾಗ ಇಡೀ ಊರು ಸುತ್ತ ನಿಂತು ಉಸಿರು ಹಿಡಿದು ನೋಡುತ್ತದೆ. ಚಿಕ್ಕಮಗಳೂರು ಅಂತ ಕೇಳಿ ಬಂದ ಯೂನಿಟ್ ಕಡೂರಿನಲ್ಲಿ ಇಳಿದು ಮುಂದೆ ಹೋಗಿಬಿಡುತ್ತದೆ.

ಹಾಸನದ ಆಲೂಗಡ್ಡೆಯ ಬಗ್ಗೆ ಒಂದು ಕಥೆ ಬರಬೇಕು ಅಂತ ನನಗೆ ಬಹಳ ಆಸೆ. ಮೇ ತಿಂಗಳಲ್ಲಿ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಗಟ್ಟಲೆ ಬಿತ್ತನೆ ಗಡ್ಡೆ ಹಾಸನದ ಎಪಿಎಂಸಿಗೆ ಬರುತ್ತದೆ. ರೈತ ಅದನ್ನು ಕತ್ತರಿಸಿ, ಮುಂಗಾರು ನಂಬಿ ಹೊಲಕ್ಕೆ ಹಾಕುತ್ತಾನೆ. ಮೋಡ, ತೇವ ಜಾಸ್ತಿಯಾದರೆ ಅಂಗಮಾರಿ ರೋಗ ಬಂದು ಕೆಲವೇ ದಿನದಲ್ಲಿ ಹೊಲ ಕಪ್ಪಾಗುತ್ತದೆ. ಆ ಏಟಿಗೆ ಎಷ್ಟೋ ಜನ ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳಕ್ಕೆ ಹೋದರು. ಬಿತ್ತನೆ ಗಡ್ಡೆ ಕೊಳ್ಳಲು ರಾತ್ರಿಯೇ ಬಂದು ಮಂಡಿ ಮುಂದೆ ಮಲಗಿದ ರೈತ, ಒಳ್ಳೆ ಗಡ್ಡೆಯೋ ಕೆಟ್ಟದ್ದೋ ಅಂತ ಕತ್ತರಿಸಿ ನೋಡುವ ಅವನ ಹೆಂಡತಿ, ಸಾಲದಲ್ಲಿ ಕೊಡುವ ದಲ್ಲಾಳಿ. ಇದಕ್ಕಿಂತ ಬೇರೆ ಕುತೂಹಲ ಬೇಕಾ ಹೇಳಿ.

ನಿಮ್ಮ ಆಫೀಸಿನವರ ಎರಡನೇ ಮಾತಿಗೆ ಬರುತ್ತೇನೆ. ಗೌಡರ ಪಂಚಾಯ್ತಿ. ಇದಕ್ಕೆ ಉತ್ತರ ನಮ್ಮ ಎರಡು ಜಿಲ್ಲೆಗಳಿಗೂ ಸೇರಿದ ಒಂದು ಸಿನಿಮಾದಲ್ಲೇ ಸಿಗುತ್ತದೆ. 1974ರಲ್ಲಿ ಸಿದ್ದಲಿಂಗಯ್ಯನವರು 'ಭೂತಯ್ಯನ ಮಗ ಅಯ್ಯು' ಮಾಡಿದರು. ಕಥೆ ಹಾಸನದ ಗೊರೂರು ರಾಮಸ್ವಾಮಿ ಅಯ್ಯಂಗಾರರದು. ಚಿತ್ರೀಕರಣ ಚಿಕ್ಕಮಗಳೂರಿನ ಹತ್ತಿರದ ಕಳಸಾಪುರದಲ್ಲಿ. ಸಾಲ ಕೊಟ್ಟು ಊರನ್ನು ಹಿಂಡಿದ ಭೂತಯ್ಯ, ಅವನ ಮಗ ಅಯ್ಯು, ಅವನ ಎದುರಾಳಿ ಗುಳ್ಳ. ಸಾಲ, ಸೇಡು, ಕೋರ್ಟು. ಅಲ್ಲಿ ಜಗಳಕ್ಕೆ ಕಾರಣ ಮೀಸೆಯಷ್ಟೇ ಆಗಿರಲಿಲ್ಲ, ಜಮೀನು ಮತ್ತು ಸಾಲ ಆಗಿತ್ತು. ಅದಕ್ಕೇ ಆ ಚಿತ್ರ ಈಗಲೂ ಗಟ್ಟಿಯಾಗಿ ನಿಂತಿದೆ.

ಆದರೆ ಇಸವಿ ನೋಡಿ. ಅದೇ 1974ರ ಮಾರ್ಚ್ 1ಕ್ಕೆ ಕರ್ನಾಟಕದಲ್ಲಿ ಗೇಣಿ ಪದ್ಧತಿ ರದ್ದಾಯಿತು. ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ಅದು. ಗೇಣಿ ಮಾಡುತ್ತಿದ್ದವರು ಅರ್ಜಿ ಹಾಕಿ ಜಮೀನಿನ ಒಡೆಯರಾದರು. ಭೂತಯ್ಯನಂಥವರ ಬಲದ ಬೇರಿಗೇ ಕೊಡಲಿ ಬಿತ್ತು. ಮುಂದೆ 1993ರ ಪಂಚಾಯತ್ ರಾಜ್ ಕಾಯ್ದೆ ಬಂತು. 2010ರ ತಿದ್ದುಪಡಿಯಲ್ಲಿ ಪಂಚಾಯ್ತಿಗಳ ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಾಯಿತು. ನಿಮ್ಮೂರಿನ ಪಂಚಾಯ್ತಿಯಲ್ಲಿ ಈಗ ಕೂರುವವರು ಯಾರು ಅಂತ ನಿಮಗೇ ಗೊತ್ತು. ಸ್ವಸಹಾಯ ಸಂಘದ ಹೆಂಗಸರು, ಕಂಟ್ರಾಕ್ಟರು, ಪಿಡಿಒ, ಪಕ್ಷದ ಹುಡುಗರು. ಸಿನಿಮಾ ಮಾತ್ರ ಭೂತಯ್ಯನನ್ನು ಬಿಟ್ಟುಕೊಡಲಿಲ್ಲ. 50 ವರ್ಷದಿಂದ ಅವನಿಗೇ ಬೇರೆ ಬೇರೆ ಮೀಸೆ, ಬೇರೆ ಬೇರೆ ಜೀಪು ಕೊಡುತ್ತಾ ಬಂದಿದೆ. ಊರಲ್ಲಿ ದಬ್ಬಾಳಿಕೆ ನಿಂತುಹೋಗಿದೆ ಅಂತ ನಾನು ಹೇಳುತ್ತಿಲ್ಲ. ಜಾತಿಯ ಹಿಡಿತ ಇನ್ನೂ ಇದೆ. ಹೊಸ ಯಜಮಾನರು ಬಂದಿದ್ದಾರೆ. ಅವರು ಮರಳು, ರಿಯಲ್ ಎಸ್ಟೇಟ್, ಫೈನಾನ್ಸ್, ಚುನಾವಣೆ ಮೂಲಕ ಬರುತ್ತಾರೆ. ನಗುತ್ತಾ ಮಾತಾಡುತ್ತಾರೆ, ಮದುವೆಗೆ ಮುಯ್ಯಿ ಹಾಕುತ್ತಾರೆ. ಅವರನ್ನು ತೋರಿಸಲು ಹೆಚ್ಚು ಗಮನ ಬೇಕು. ಭೈರಪ್ಪನವರ ಕಾದಂಬರಿಯಿಂದ ಟಿ.ಎನ್. ಸೀತಾರಾಮ್ 2001ರಲ್ಲಿ ಮಾಡಿದ 'ಮತದಾನ' ಆ ದಾರಿ ಹಿಡಿದಿತ್ತು. ರಾಜಕೀಯಕ್ಕೆ ಎಳೆಯಲ್ಪಟ್ಟ ಡಾಕ್ಟರೊಬ್ಬರ ಕಥೆ ಅದು. ಆ ದಾರಿಯಲ್ಲಿ ಮುಂದೆ ಹೋದವರು ಕಡಿಮೆ.

ಇಲ್ಲಿ ಕಾಫಿ ಸೀಮೆಯ ಒಂದು ವಿಶೇಷ ಇದೆ. ಭೂಸುಧಾರಣೆಯ ಮಿತಿಯಿಂದ ಕಾಫಿ, ಏಲಕ್ಕಿ, ಮೆಣಸಿನಂಥ ಪ್ಲಾಂಟೇಶನ್ ಜಮೀನಿಗೆ ವಿನಾಯಿತಿ ಇತ್ತು. ಗದ್ದೆ ಗೇಣಿದಾರರಿಗೆ ಹೋಯಿತು, ದೊಡ್ಡ ತೋಟ ದೊಡ್ಡದಾಗಿಯೇ ಉಳಿಯಿತು. ಒಂದೇ ಊರಲ್ಲಿ ಎರಡು ಕಾಲ ಅಕ್ಕಪಕ್ಕ ಬದುಕಿದವು. ಇದರ ಪರಿಣಾಮ ಮನೆಗಳಲ್ಲಿ, ಮದುವೆ ಸಂಬಂಧಗಳಲ್ಲಿ, ಶಾಲೆಯ ಬೆಂಚಿನಲ್ಲಿ ಎಲ್ಲ ಕಡೆ ಕಾಣುತ್ತದೆ. ಸಿನಿಮಾಗೆ ಮಾತ್ರ ದೊಡ್ಡ ತೋಟದ ಬಂಗಲೆ ಒಂದೇ ಕಾಣುತ್ತದೆ. ಶೂಟಿಂಗ್‌ಗೆ ಅನುಕೂಲ ಇರುವುದು ಅಲ್ಲೇ. ಗಾಡಿ ನಿಲ್ಲಿಸಲು ಜಾಗ, ಕಲಾವಿದರಿಗೆ ರೂಮು, ಜನರೇಟರ್ ಇಡಲು ಶೆಡ್. ಆದರೆ ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕಿಂತ ಜಾಸ್ತಿ 10 ಹೆಕ್ಟೇರಿಗಿಂತ ಕಡಿಮೆಯವು. ನಿಮ್ಮಪ್ಪನಂಥವರೇ ನಿಜವಾದ ಕಾಫಿ ಬೆಳೆಗಾರರು. ಬಂಗಲೆಯಿಂದ ಸ್ವಲ್ಪ ಕೆಳಗಿರುವ ಕೂಲಿಯವರ ಲೈನ್ ಮನೆಗಳು, ಅಲ್ಲಿನ ಮೇಸ್ತ್ರಿ, ಲೆಕ್ಕ ಬರೆಯುವ ರೈಟರ್, ಮಗುವನ್ನು ನೆರಳಲ್ಲಿ ಮಲಗಿಸಿ ಹಣ್ಣು ಕೊಯ್ಯುವ ತಾಯಿ ಇವರೆಲ್ಲ ಕ್ಯಾಮೆರಾದ ಬೆನ್ನಿಗೆ ಉಳಿದುಬಿಡುತ್ತಾರೆ.

ಸಣ್ಣ ಪೇಟೆಯ ವಿಷಯದಲ್ಲಿ ನನಗೆ ಇನ್ನೂ ಜಾಸ್ತಿ ಬೇಸರ ಇದೆ. ನಮ್ಮ ಸಿನಿಮಾಗಳಲ್ಲಿ ಹುಡುಗ ಹಳ್ಳಿಯಿಂದ ಬಸ್ಸು ಹತ್ತಿದರೆ ಮುಂದಿನ ಶಾಟ್‌ನಲ್ಲಿ ಮೆಜೆಸ್ಟಿಕ್. ನಡುವೆ ಇರುವ ಬೇಲೂರು, ಆಲೂರು, ಅರಕಲಗೂಡು, ಮೂಡಿಗೆರೆ, ತರೀಕೆರೆ ಮಾಯ. ಆದರೆ ಹಳ್ಳಿಯವರ ಬದುಕಿನ ದೊಡ್ಡ ತೀರ್ಮಾನಗಳೆಲ್ಲ ಆಗುವುದು ಆ ಪೇಟೆಗಳಲ್ಲೇ. ತಾಲ್ಲೂಕು ಕಚೇರಿ, ಸಬ್ ರಿಜಿಸ್ಟ್ರಾರ್ ಆಫೀಸು, ಕೋರ್ಟು, ಸರ್ಕಾರಿ ಆಸ್ಪತ್ರೆ, ಪಿಯು ಕಾಲೇಜು, ಗೊಬ್ಬರದ ಅಂಗಡಿ, ಚಿನ್ನ ಅಡ ಇಡುವ ಅಂಗಡಿ. ಸಂತೆ ದಿನ ಅಣ್ಣ ತಂಗಿ ಭೇಟಿಯಾಗುವುದೂ ಅಲ್ಲೇ, ಹುಡುಗ ಹುಡುಗಿ ಮೊದಲ ಸಲ ಮಾತಾಡುವುದೂ ಅಲ್ಲಿನ ಬಸ್ ಸ್ಟ್ಯಾಂಡಲ್ಲೇ.

ಇದನ್ನು ಕಣ್ಣಿಟ್ಟು ನೋಡಿದ ಸಿನಿಮಾ ನಮ್ಮ ಕಡೆಯ ಕಥೆಯಿಂದಲೇ ಬಂತು. ಮೂಡಿಗೆರೆಯಲ್ಲಿ ಬಾಳಿದ ಪೂರ್ಣಚಂದ್ರ ತೇಜಸ್ವಿಯವರ 'ತಬರನ ಕಥೆ'. ಗಿರೀಶ್ ಕಾಸರವಳ್ಳಿ ಅದನ್ನು ಚಿತ್ರ ಮಾಡಿದರು. ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣ ಕಮಲ 1986ರ ಸಾಲಿನಲ್ಲಿ ಅದಕ್ಕೆ ಬಂತು. ತಬರನಾಗಿ ನಟಿಸಿದ ಚಾರುಹಾಸನ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂತು. ಕಥೆ ಎರಡೇ ಸಾಲಿನದು. ಸರ್ಕಾರಿ ಕೆಲಸದಿಂದ ನಿವೃತ್ತನಾದ ಬಡವ ಪಿಂಚಣಿಗೆ ಅಲೆಯುತ್ತಾನೆ. ಸಕ್ಕರೆ ಕಾಯಿಲೆಯಿಂದ ಹೆಂಡತಿಯ ಕಾಲು ಕೊಳೆಯುತ್ತಾ ಹೋಗುತ್ತದೆ. ಅಲ್ಲಿ ಖಳನಾಯಕ ಇಲ್ಲ. ಯಾರೂ ಕಿರುಚುವುದಿಲ್ಲ. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಕಾಗದ ಹೋಗುವುದಿಲ್ಲ, ಅಷ್ಟೇ. ಆ ಕಾಗದ ನಿಂತಿದ್ದರಿಂದ ಒಂದು ಜೀವ ಹೋಗುತ್ತದೆ. ನಿಮ್ಮ ಆಫೀಸಿನವರಿಗೆ ಒಂದೇ ಒಂದು ಸಿನಿಮಾ ತೋರಿಸಬೇಕು ಅಂದರೆ ಇದನ್ನು ತೋರಿಸಿ. ಮಲೆನಾಡಿನ ಪೇಟೆಯೊಂದು ಮನುಷ್ಯನನ್ನು ಹೇಗೆ ಕಾಯಿಸುತ್ತದೆ ಅಂತ ಅವರಿಗೆ ಗೊತ್ತಾಗಲಿ. ನೋಡಿ ಎದ್ದ ಮೇಲೆ "ಸ್ವರ್ಗ" ಅನ್ನುವ ಮಾತು ಅವರ ಬಾಯಿಗೆ ಸುಲಭವಾಗಿ ಬರಲಾರದು.

ತೇಜಸ್ವಿಯವರದೇ ಇನ್ನೊಂದು ಕಥೆಯಿಂದ 2023ರಲ್ಲಿ 'ಡೇರ್‌ಡೆವಿಲ್ ಮುಸ್ತಾಫಾ' ಬಂತು. ಅದು ಹಗುರವಾದ, ಬಣ್ಣಬಣ್ಣದ ಚಿತ್ರ. ಆದರೂ ಅಬಚೂರು ಅನ್ನುವ ಸಣ್ಣ ಊರಿನ ಕಾಲೇಜಿಗೆ ಒಬ್ಬ ಮುಸ್ಲಿಂ ಹುಡುಗ ಸೇರಿದರೆ ಇಡೀ ತರಗತಿ ಹೇಗೆ ಅಲುಗಾಡುತ್ತದೆ ಅನ್ನುವುದನ್ನು ಪ್ರೀತಿಯಿಂದ ಹಿಡಿದಿದೆ. ಸಣ್ಣ ಪೇಟೆಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಅದರ ಸುಖ, ಅದರ ಹಿಂಸೆ ಎರಡೂ ಅಲ್ಲಿವೆ. ಬಣ್ಣ ಜಾಸ್ತಿಯಾದ ಮಾತ್ರಕ್ಕೆ ಚಿತ್ರ ಸುಳ್ಳಾಗುವುದಿಲ್ಲ ಅನ್ನುವುದಕ್ಕೆ ಇದು ಒಳ್ಳೆ ಸಾಕ್ಷಿ.

ಹಾಗಾದರೆ ಊರಿನವರೇ ಮಾಡಿದರೆ ಮಾತ್ರ ಸರಿಯಾಗುತ್ತದೆಯಾ? ಈ ಮಾತು ತುಂಬಾ ಕೇಳಿಬರುತ್ತದೆ. ನಾನು ಒಪ್ಪುವುದಿಲ್ಲ. 1970ರ 'ಸಂಸ್ಕಾರ' ನೋಡಿ. ಅನಂತಮೂರ್ತಿಯವರ ಕಾದಂಬರಿ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ. ಕ್ಯಾಮೆರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಚಿತ್ರೀಕರಣ ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ. ಕನ್ನಡಕ್ಕೆ ಮೊದಲ ಸ್ವರ್ಣ ಕಮಲ ತಂದ ಚಿತ್ರ ಅದು. ಹೊರಗಿನವರ ಕಣ್ಣು ಆ ಅಗ್ರಹಾರವನ್ನು ಅಷ್ಟು ನಿಖರವಾಗಿ ಹಿಡಿಯಲು ಕಾರಣ ಕಥೆ ನಿಂತ ನೆಲ. ಊರಲ್ಲಿ ಒಂದು ಹೆಣ ಬಿದ್ದಿದೆ. ಅದನ್ನು ಸುಡುವವರೆಗೆ ಯಾರೂ ಊಟ ಮಾಡುವಂತಿಲ್ಲ. ಸುಡುವ ಅಧಿಕಾರ ಯಾರದು ಅಂತ ತೀರ್ಮಾನ ಆಗುತ್ತಿಲ್ಲ. ಒಂದು ಕಡೆ ಹಸಿವು, ಒಂದು ಕಡೆ ನಿಯಮ. ಆ ಅಗ್ರಹಾರದ ಇಕ್ಕಟ್ಟನ್ನು ಕಥೆಯಿಂದ ತೆಗೆದರೆ ಸಿನಿಮಾನೇ ಇಲ್ಲ. ಬೆಟ್ಟ, ಹೊಳೆ ಚೆನ್ನಾಗಿ ಕಾಣಲಿ ಅಂತ ಆ ಜಾಗಕ್ಕೆ ಹೋದವರಲ್ಲ ಅವರು.

ಇನ್ನೊಂದು ದಿಕ್ಕಿನಿಂದ ಬಂದದ್ದು 'ತಿಥಿ'. ಅದು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನದು. ನಟರೆಲ್ಲ ಆ ಕಡೆಯ ಜನವೇ, ಮೊದಲು ಯಾವತ್ತೂ ನಟಿಸಿದವರಲ್ಲ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಬಂತು. ನೂರಾ ಒಂದು ವರ್ಷದ ಅಜ್ಜ ಸತ್ತ ಮೇಲೆ ಮೊಮ್ಮಗ ಜಮೀನು ಮಾರಲು ಪಡುವ ಪಾಡು ಅದು. ತಿಥಿಯ ಊಟಕ್ಕೆ ಕುರಿ ಎಲ್ಲಿಂದ, ದಾಖಲೆ ಯಾರು ಮಾಡಿಕೊಡುತ್ತಾರೆ, ಬಡ್ಡಿ ಎಷ್ಟು. ನಾನು ಮೊದಲು ಹೇಳಿದ ಮೂರೂ ಅಲ್ಲಿವೆ, ಕೆಲಸ, ದುಡ್ಡು, ಹಂಗಾಮು. ಅದರ ಶಬ್ದ ಕೇಳಿಸಿಕೊಳ್ಳಿ. ಮಾತಿನ ಹಿಂದೆ ಕುರಿ, ಬೈಕು, ಟಿವಿ, ದೂರದ ಮೈಕು. ಸ್ಟುಡಿಯೋದಲ್ಲಿ ಡಬ್ಬಿಂಗ್ ಮಾಡಿದ ಹಳ್ಳಿಯಲ್ಲಿ ಒಂದು ಕೋಗಿಲೆ, ಒಂದು ಕೊಳಲು ಇಷ್ಟೇ ಇರುತ್ತವೆ.

ಹಾಗಾಗಿ ಗುರುತಿಸುವ ಬಗೆ ಇದು. ಸಿನಿಮಾ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಕಥೆಯನ್ನು ಎತ್ತಿ ಬೇರೆ ಜಿಲ್ಲೆಗೆ, ಬೇರೆ ತಿಂಗಳಿಗೆ ಹಾಕಿದರೆ ಏನಾದರೂ ಬದಲಾಗುತ್ತದಾ? ಏನೂ ಬದಲಾಗದಿದ್ದರೆ ಆ ಊರು ಬರೀ ಹಿನ್ನೆಲೆಗೆ ಕಟ್ಟಿದ ಪರದೆ. ಅಂಥ ಸಿನಿಮಾವನ್ನೂ ಇಷ್ಟಪಡಬಹುದು, ತಪ್ಪೇನಿಲ್ಲ. 2006ರ 'ಮುಂಗಾರು ಮಳೆ' ನೋಡಿ ಸಕಲೇಶಪುರ, ಮಡಿಕೇರಿ ಕಡೆ ಬಂದವರನ್ನು ನಾನೂ ಕಂಡಿದ್ದೇನೆ. ಅವರಿಂದ ಎಷ್ಟೋ ಹೋಮ್‌ಸ್ಟೇಗಳು ಬದುಕಿವೆ. ಆದರೆ ಆ ಚಿತ್ರ ಒಂದು ಪ್ರೀತಿಯ ಕಥೆ, ನಮ್ಮೂರಿನ ಕಥೆ ಅಲ್ಲ. ಇದಿಷ್ಟನ್ನು ಆಫೀಸಿನಲ್ಲಿ ಹೇಳಿದರೆ ಸಾಕು.

ಈಗ ನಿಮ್ಮ ತಮ್ಮನ ವಿಷಯ. ಅವನಿಗೆ ನಿಜವಾಗಿ ಒಂದು ದೊಡ್ಡ ಅನುಕೂಲ ಇದೆ. ಅವನು ಮಳೆಗಾಲದಲ್ಲಿ ಅಲ್ಲೇ ಇರುತ್ತಾನೆ. ದೊಡ್ಡ ಯೂನಿಟ್‌ಗೆ ಸಿಗದ ನಾಲ್ಕು ತಿಂಗಳು ಅವನ ಕೈಯಲ್ಲಿವೆ. ಮೊಬೈಲಿಗೆ ಒಂದು ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ಜುಲೈ ತಿಂಗಳ ಅಡಿಗೆಮನೆ, ಬಚ್ಚಲು, ಬಸ್ ಕಾಯುವ ಶಾಲೆ ಮಕ್ಕಳು ಇವನ್ನು ತೆಗೆಯಲಿ. ಡ್ರೋನ್ ಶಾಟ್ ಬೇಡ ಅನ್ನಿ. ಮೇಲಿನಿಂದ ನೋಡಿದರೆ ಎಲ್ಲ ಊರೂ ಚಂದವೇ. ಮನುಷ್ಯರ ಕಣ್ಣಿನ ಎತ್ತರದಲ್ಲಿ ಕ್ಯಾಮೆರಾ ಇರಲಿ.

ಕಥೆಗೆ ದೂರ ಹೋಗಬೇಕಾಗಿಲ್ಲ. ಸಕಲೇಶಪುರ, ಆಲೂರು, ಬೇಲೂರು ಕಡೆ ಕಾಡಾನೆ ಎಲ್ಲಿದೆ ಅಂತ ಬೆಳಿಗ್ಗೆ ಮೊಬೈಲಿಗೆ ಮೆಸೇಜ್ ಬರುತ್ತದೆ. ಅದು ನೋಡಿ ಕೆಲಸಕ್ಕೆ ಹೋಗಬೇಕೋ ಬೇಡವೋ ತೀರ್ಮಾನ. ಮೆಸೇಜ್ ಓದಲು ಬಾರದ ಒಬ್ಬ ಹೆಂಗಸು, ಬೆಳಿಗ್ಗೆ ಏಳು ಗಂಟೆ, ತೋಟದ ದಾರಿ. ಹತ್ತು ನಿಮಿಷದ ಚಿತ್ರಕ್ಕೆ ಇದು ಧಾರಾಳ. 2023ರ ಡಿಸೆಂಬರ್ 4ರಂದು ದಸರಾ ಆನೆ ಅರ್ಜುನ ಸತ್ತದ್ದು ನಿಮ್ಮ ತಾಲ್ಲೂಕಿನ ಯಸಳೂರಿನಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ. ಆಗ ನಾಡೆಲ್ಲ ಅತ್ತಿತು. ಆನೆ ದಾಳಿಗೆ ಕೂಲಿಯವರು ಸತ್ತಾಗ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು. ಈ ಎರಡು ದುಃಖವನ್ನೂ ಒಂದೇ ಗೌರವದಿಂದ ನೋಡುವ ಚಿತ್ರ ನಿಮ್ಮ ತಮ್ಮನಿಂದ ಬಂದರೆ ನಾನು ಖಂಡಿತ ಬಂದು ನೋಡುತ್ತೇನೆ. ಅಥವಾ ಹೇಮಾವತಿ ಹಿನ್ನೀರಿಗೆ ಹೋಗಲಿ. ಮಳೆಗಾಲದಲ್ಲಿ ಅರ್ಧ ಮುಳುಗುವ ಶೆಟ್ಟಿಹಳ್ಳಿ ಚರ್ಚ್ ಮುಂದೆ ಫೋಟೋ ತೆಗೆಸಿಕೊಳ್ಳುವವರು ದಿನಾ ಇರುತ್ತಾರೆ. ಅಣೆಕಟ್ಟೆಗಾಗಿ ಮನೆ, ಗದ್ದೆ ಬಿಟ್ಟು ಹೋದ ಹಿರಿಯರು ಹತ್ತಿರದ ಊರುಗಳಲ್ಲಿದ್ದಾರೆ. ಅವರ ಬಳಿ ಕೂತು ಕೇಳಿಸಿಕೊಳ್ಳಲಿ.

ಮಾತು ಊರಿನದ್ದೇ ಇರಲಿ, ತಿದ್ದಬೇಡ ಅನ್ನಿ. ಡೈಲಾಗ್ ಬರೆದು ಬಾಯಿಪಾಠ ಮಾಡಿಸುವುದಕ್ಕಿಂತ ಸಂದರ್ಭ ಹೇಳಿ ಅವರೇ ಮಾತಾಡಲು ಬಿಡುವುದು ಒಳ್ಳೆಯದು. ಕಾಲರಿಗೆ ಸಿಕ್ಕಿಸುವ ಒಂದು ಸಣ್ಣ ಮೈಕ್ ಕೊಳ್ಳಲಿ, ಅದಕ್ಕೆ ಹಾಕಿದ ದುಡ್ಡು ಲೆನ್ಸಿಗೆ ಹಾಕಿದ್ದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಕಾಡಿನೊಳಗೆ ತೆಗೆಯುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಬೇರೆಯವರ ತೋಟ ಆದರೆ ಮಾಲೀಕರ ಹತ್ತಿರ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಲಿ.

ಕೊಯ್ಲಿನವರನ್ನು ಚಿತ್ರಿಸುವಾಗ ಇನ್ನೊಂದು ವಿಷಯ ಇದೆ. ಬಹಳ ತೋಟಗಳಲ್ಲಿ ಕೊಯ್ಲಿನ ಕೂಲಿ ಕೆಜಿ ಲೆಕ್ಕ. ಕ್ಯಾಮೆರಾ ಮುಂದೆ "ಇನ್ನೊಂದ್ಸಲ ಮಾಡಿ ಅಕ್ಕಾ" ಅಂತ ಅರ್ಧ ಗಂಟೆ ನಿಲ್ಲಿಸಿದರೆ ಅಷ್ಟು ಹಣ್ಣು ಅವರ ಚೀಲಕ್ಕೆ ಬೀಳಲಿಲ್ಲ ಅಂತಲೇ ಅರ್ಥ. ಸಂಜೆ ತೂಕ ಹಾಕುವಾಗ ಅದು ಕಡಿಮೆ ಬರುತ್ತದೆ. ಮೇಸ್ತ್ರಿ ಜೊತೆ ಮೊದಲೇ ಮಾತಾಡಿ, ಆ ದಿನದ ಪೂರ್ತಿ ಕೂಲಿಯನ್ನು ನಿಮ್ಮ ತಮ್ಮ ತನ್ನ ಕೈಯಿಂದ ಅವರ ಕೈಗೇ ಕೊಡಲಿ. ಚಿತ್ರ ತಯಾರಾದ ಮೇಲೆ ಮೊದಲ ಪ್ರದರ್ಶನ ಲೈನ್ ಮನೆಗಳ ಅಂಗಳದಲ್ಲೇ ಮಾಡಲಿ. ಎಲ್ಲಿ ಸರಿಯಿಲ್ಲ ಅನ್ನುವುದನ್ನು ಅವರೇ ಮುಲಾಜಿಲ್ಲದೆ ಹೇಳುತ್ತಾರೆ. ಎಡಿಟಿಂಗ್ ಅದಾದ ಮೇಲೆ ಮುಗಿಸಿದರಾಯಿತು.